ಮ್ಯಾಕರೋನಿ, ಚೀಸ್ ಮತ್ತು ಕೈಗುಣ

ಬೆಂದ ಗೋಧಿಹಿಟ್ಟಿನ ಕೊಳವೆಗಳಿಗೆ ಕರಗಿದ ಚೀಸನ್ನು ಬೆರೆಸಿ ಉಣ್ಣುವುದರಲ್ಲಿ ಪಾಕಶಾಸ್ತ್ರದ ಗಹನತೆಯೇನೂ ಇಲ್ಲವೆಂದು ದೂರದಿಂದ ನೋಡುವವರಿಗೆ ತೋರುವುದು ಸಹಜ. ಆದರೆ ಅಮೆರಿಕದಲ್ಲಿ ನಾಲ್ವರು ಕೂಡಿದೆಡೆ ‘ಮ್ಯಾಕ್ ಅಂಡ್ ಚೀಸ್’ ಎಂಬ ಮಾತು ಬಂದರೆ ಸಾಕು, ಓವನ್ನಿನಲ್ಲಿಟ್ಟು ಮೇಲ್ಪದರ ಕೆಂಪಡರಿ ಗರಿಗಟ್ಟಿದ ಹೊರತು ಅದಕ್ಕೆ ಆ ಹೆಸರೇ ಸಲ್ಲದೆಂದು ಒಬ್ಬರು, ಅದರ ಮೇಲೆ ಬ್ರೆಡ್ಡಿನ ಪುಡಿ ಉದುರಿಸುವುದು ಮಹಾಪಚಾರವೆಂದು ಮತ್ತೊಬ್ಬರು, ಮೊಟ್ಟೆಯಿಲ್ಲದೆ ಅದು ಕೂಡಿ ನಿಲ್ಲುವುದುಂಟೆ ಎಂದು ಮಗುದೊಬ್ಬರು ವಾದಕ್ಕೆ ನಿಲ್ಲುವರು. ಪೆಟ್ಟಿಗೆಯಲ್ಲಿ ಬರುವ ಕಿತ್ತಳೆವರ್ಣದ ಪುಡಿಗೆ ಸಮನಾದದ್ದು ಭೂಮಂಡಲದಲ್ಲೇ ಇಲ್ಲವೆಂದು ಕೊಂಚ ಲಜ್ಜೆಯಿಂದಲೇ ಒಪ್ಪಿಕೊಳ್ಳುವವರೂ ಉಂಟು. ಆಹಾರಸ್ಮೃತಿಗಳಿಗೆ ಮೀಸಲಾದ ಈ ಸಂಚಿಕೆಯ ಮೊದಲಲ್ಲಿ ಆ ವಾಗ್ವಾದವನ್ನು ನೆನೆಯಲು ಕಾರಣವಿದೆ. ಅದು ನಾಲಗೆಯ ವಾದವೆಂದು ನಮಗೆ ತೋರದು. ಬಡಿಸಿದ ಕೈಗಳನ್ನು ಕುರಿತ ವಾದವೆಂದೇ ನಮ್ಮ ಎಣಿಕೆ.

ಈ ಖಾದ್ಯವನ್ನು ಕುರಿತು ದಾಖಲೆಯಾಗಿರುವ ಹಳೆಯ ಅಭಿಪ್ರಾಯಗಳಲ್ಲೊಂದು ನಿಂದೆಯೇ ಆಗಿರುವುದು ವಿನೋದದ ಸಂಗತಿ. 1802ರ ಫೆಬ್ರವರಿಯಲ್ಲಿ ಅಧ್ಯಕ್ಷ ಥಾಮಸ್ ಜೆಫರ್ಸನ್ ನೀಡಿದ ಔತಣಕ್ಕೆ ಹೋಗಿದ್ದ ಮನಾಸೆ ಕಟ್ಲರ್ ಎಂಬ ಪಾದ್ರಿ, ಮ್ಯಾಕರೋನಿಯೆಂದು ತನ್ನ ಮುಂದಿಟ್ಟ ಕಡುಬಿನಂಥ ಪದಾರ್ಥದೊಳಗಿನ ಕೊಳವೆಗಳನ್ನು ಈರುಳ್ಳಿಯ ಜಾತಿಯೆಂದೇ ಭ್ರಮಿಸಿ, ಅದು ಘಾಟಾಗಿಯೂ ಅಹಿತವಾಗಿಯೂ ಇದ್ದಿತೆಂದು ದಿನಚರಿಯಲ್ಲಿ ಬರೆದಿಟ್ಟನು. ಇದು ಇಟಲಿಯ ಪಾಕವೆಂದು ಅವನಿಗೆ ತಿಳಿಹೇಳಿದವನು, ಮುಂದೆ ಪಶ್ಚಿಮದ ಶೋಧಯಾತ್ರೆಯಿಂದ ಪ್ರಸಿದ್ಧನಾದ ಮೆರಿವೆದರ್ ಲೂಯಿಸ್. ಜೆಫರ್ಸನ್ನನೇ ಇದರ ಜನಕನೆಂಬ ಐತಿಹ್ಯವನ್ನು ಇಂದಿಗೂ ನಂಬುವವರಿದ್ದಾರೆ. ಇಂಗ್ಲೆಂಡಿನ ಎರಡನೆಯ ರಿಚರ್ಡನ ಬಾಣಸಿಗರು 14ನೆಯ ಶತಮಾನದ ಕೊನೆಗೇ ಹಿಟ್ಟಿನ ಪಟ್ಟಿಗಳಿಗೆ ಬೆಣ್ಣೆ, ಚೀಸ್ ಬೆರೆಸುವ ಕ್ರಮವನ್ನು ಬರೆದಿಟ್ಟಿರುವಾಗ, ಎಲಿಜಬೆತ್ ರಾಫಲ್ಡ್ 1769ರಲ್ಲಿಯೇ ಪಾರ್ಮೆಸಾನಿನೊಡನೆ ಮ್ಯಾಕರೋನಿ ಮಾಡುವ ಬಗೆಯನ್ನು ಅಚ್ಚುಹಾಕಿಸಿರುವಾಗ, ಆ ಐತಿಹ್ಯಕ್ಕೆ ನಿಲ್ಲಲು ನೆಲೆಯಿಲ್ಲ.

ಆದರೆ ಐತಿಹ್ಯದ ಹಿಂದೆ ಮರೆಯಾದ ವ್ಯಕ್ತಿಯೊಬ್ಬನಿದ್ದಾನೆ. ಜೆಫರ್ಸನ್ 1784ರಲ್ಲಿ ಪ್ಯಾರಿಸಿಗೆ ಹೋಗುವಾಗ ತನ್ನ ಗುಲಾಮನಾಗಿದ್ದ ಹತ್ತೊಂಬತ್ತರ ತರುಣ ಜೇಮ್ಸ್ ಹೆಮಿಂಗ್ಸನನ್ನು, ಫ್ರೆಂಚ್ ಪಾಕವಿದ್ಯೆಯಲ್ಲಿ ಪಳಗಿಸುವುದಕ್ಕಾಗಿಯೇ ಕರೆದೊಯ್ದನು. ಮರಳಿ ಬಂದ ಬಳಿಕ ಹೆಮಿಂಗ್ಸನಿಗೆ ಬಿಡುಗಡೆ ದೊರೆತದ್ದು 1796ರಲ್ಲಿ. ಅದೂ ತಾನು ಕಲಿತದ್ದನ್ನೆಲ್ಲ ತಮ್ಮನಾದ ಪೀಟರನಿಗೆ ಕಲಿಸಿಕೊಟ್ಟ ಮೇಲೆ, ಅಂದರೆ ಜೆಫರ್ಸನ್ನನ ಮಾಂಟಿಸೆಲೊ ಮನೆಯ ಅಡುಗೆಗೆ ಇನ್ನೊಬ್ಬ ದಾಸನನ್ನು ಸಿದ್ಧಮಾಡಿಟ್ಟ ಮೇಲೆ. 1801ರಲ್ಲಿ ಅವನು ತೀರಿಕೊಂಡನು. ಯಜಮಾನನ ಹೆಸರು ಮ್ಯಾಕರೋನಿಗೆ ಅಂಟಿಕೊಂಡಿತು. ಒಲೆಯ ಮುಂದೆ ಬೆಂದವರ ಹೆಸರು ಬಹುಕಾಲ ಯಾರ ಬಾಯಲ್ಲಿಯೂ ಬರಲಿಲ್ಲ.

ಕಪ್ಪುಜನರ ಮನೆಗಳಲ್ಲಿ ಈ ಖಾದ್ಯಕ್ಕಿರುವ ಗೌರವವನ್ನು ಇದರ ಬೆಳಕಿನಲ್ಲಿ ನೋಡಬೇಕು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮೇಜಿನ ಮೇಲೆ ಅದು ಬಂದಿತೆಂದರೆ ಮೊದಲು ಏಳುವ ಪ್ರಶ್ನೆ ‘ಯಾರು ಮಾಡಿದ್ದು?’ ಎಂಬುದು. ಉತ್ತರ ಸಮಾಧಾನಕರವಾಗದಿದ್ದರೆ ಸೌಜನ್ಯಕ್ಕಾಗಿ ಅರ್ಧ ಚಮಚ ಬಡಿಸಿಕೊಂಡು ಸರಿಯುವವರುಂಟು. ವಿವಾಹದ ಅಡುಗೆಗೆ ಭಟ್ಟರಾರೆಂದು ಎಲೆ ಹಾಕುವ ಮೊದಲೇ ವಿಚಾರಿಸುವ ನಮ್ಮ ಹಿರಿಯರಿಗೆ ಈ ಶಂಕೆ ಅಪರಿಚಿತವಲ್ಲ. ಹೊಸ ಸೊಸೆಗೆ ಆ ಹೊಣೆಯನ್ನು ಒಪ್ಪಿಸಲು ಹಿಂದೆಮುಂದೆ ನೋಡುವ ಅತ್ತೆಯರು ಅಲ್ಲಿಯೂ ಇದ್ದಾರೆ.

ಪೆಟ್ಟಿಗೆಯ ಪಕ್ಷದವರ ಸ್ಮೃತಿ ಬೇರೊಂದು ಕಷ್ಟದಿಂದ ಹುಟ್ಟಿದ್ದು. ಕ್ರಾಫ್ಟ್ ಸಂಸ್ಥೆಯವರು 1937ರಲ್ಲಿ, ಆರ್ಥಿಕ ಮುಗ್ಗಟ್ಟು ಇನ್ನೂ ತೀರದಿದ್ದ ದಿನಗಳಲ್ಲಿ, 19 ಸೆಂಟಿಗೆ ನಾಲ್ವರ ಊಟವೆಂದು ಅದನ್ನು ಮಾರುಕಟ್ಟೆಗೆ ತಂದರು. ಶೀತಪೆಟ್ಟಿಗೆಯಿಲ್ಲದ ಮನೆಯಲ್ಲಿಯೂ ಪುಡಿ ಕೆಡದು. ಯುದ್ಧ ಬಂದು ಮಾಂಸಕ್ಕೂ ಹಾಲಿನ ಪದಾರ್ಥಗಳಿಗೂ ಪಡಿತರ ವಿಧಿಸಿದಾಗ, ದುಡಿಮೆಗೆ ಹೋಗಿ ದಣಿದು ಬಂದ ತಾಯಂದಿರಿಗೆ ಅದೇ ಆಧಾರವಾಯಿತು. ಮುಂದೆ 1981ರ ಡಿಸೆಂಬರಿನಲ್ಲಿ ಅಧ್ಯಕ್ಷ ರೇಗನ್, ಬೆಲೆ ಕಾಯುವುದಕ್ಕಾಗಿ ಸರ್ಕಾರ ಕೊಂಡು ಉಗ್ರಾಣಗಳಲ್ಲಿ ಪೇರಿಸಿದ್ದ ಚೀಸಿನಲ್ಲಿ 3 ಕೋಟಿ ಪೌಂಡನ್ನು ಬಡವರಿಗೆ ಹಂಚಲು ಆಜ್ಞೆಮಾಡಿದನು. ಐದೈದು ಪೌಂಡಿನ ಆ ಗಟ್ಟಿಗಳಿಗಾಗಿ ಸಾಲಿನಲ್ಲಿ ನಿಂತ ಅವಮಾನವನ್ನೂ, ಅದು ಮ್ಯಾಕರೋನಿಯ ಮೇಲೆ ಎಷ್ಟು ಹದವಾಗಿ ಕರಗುತ್ತಿತ್ತೆಂಬುದನ್ನೂ ಒಂದೇ ಉಸಿರಿನಲ್ಲಿ ಹೇಳುವವರಿದ್ದಾರೆ. ಇಂಥವರ ಮುಂದೆ ಪೆಟ್ಟಿಗೆಯ ಆಹಾರವನ್ನು ಜರೆಯುವುದು ರಸಜ್ಞತೆಯಲ್ಲ, ಅಸೂಕ್ಷ್ಮತೆ.

ನಾಲಗೆ ಎಷ್ಟರಮಟ್ಟಿಗೆ ಸಾಕ್ಷಿ ಎಂಬುದಕ್ಕೆ ಇತ್ತೀಚಿನ ದೃಷ್ಟಾಂತವೊಂದಿದೆ. ಪುಡಿಯ ಕೃತಕವರ್ಣಗಳನ್ನು ಕೈಬಿಡುವುದಾಗಿ 2015ರಲ್ಲಿ ಸಂಸ್ಥೆ ಸಾರಿದಾಗ ಬಾಲ್ಯದ ರುಚಿಯೇ ಕೆಟ್ಟುಹೋಗುವುದೆಂದು ಅನೇಕರು ಕಳವಳಪಟ್ಟರು. ಅದೇ ವರ್ಷದ ಡಿಸೆಂಬರಿನಲ್ಲಿ ಬದಲಾವಣೆಯನ್ನು ಸದ್ದಿಲ್ಲದೆ ಮಾಡಿದರು. 5 ಕೋಟಿಗೂ ಮಿಕ್ಕ ಪೆಟ್ಟಿಗೆಗಳು ಮಾರಾಟವಾದವು. ಬಹುಮಂದಿ ಭೇದವನ್ನೇ ಅರಿಯಲಿಲ್ಲ. ಹಳದಿ ಬಣ್ಣಕ್ಕೆ ಬದಲಾಗಿ ಸೇರಿದವುಗಳಲ್ಲಿ ಒಂದು ನಮ್ಮ ಅರಿಶಿನ.

ಅಲ್ಲಿ ನೆಲೆಸಿದ ಕನ್ನಡಿಗರ ಮನೆಯನ್ನು ಈ ಖಾದ್ಯ ಹೊಕ್ಕಿದ್ದು ಶಾಲೆಗೆ ಹೋಗುವ ಮಕ್ಕಳ ಮೂಲಕ. ಚೀಸನ್ನು ಹೆಪ್ಪುಗಟ್ಟಿಸಲು ಕರುವಿನ ಜಠರದ ರೆನೆಟ್ ಬಳಸಿರುವರೋ ಎಂದು ಅಂಗಡಿಯಲ್ಲಿ ನಿಂತು ಚೀಟಿಯ ಸಣ್ಣಕ್ಷರಗಳನ್ನು ಓದುವ ಶಾಕಾಹಾರಿ ತಾಯಿ, ಮನೆಗೆ ಬಂದು ಸಪ್ಪೆಯೆಂದು ಹಸಿಮೆಣಸು, ಸಾಸಿವೆಯ ಒಗ್ಗರಣೆ ಕೊಟ್ಟರೆ, ಇದು ಶಾಲೆಯದರಂತಿಲ್ಲವೆಂದು ಮಗು ತಟ್ಟೆಯನ್ನು ದೂಡುವುದು. ಚೆಡ್ಡಾರಿನ ತೀಕ್ಷ್ಣತೆ ಎದ್ದುಬರಲೆಂದು ಅಲ್ಲಿಯ ಗೃಹಿಣಿಯರೂ ಸಾಸಿವೆಯ ಪುಡಿಯನ್ನು ಬೆರೆಸುವುದುಂಟೆಂದು ಆಕೆ ಧೈರ್ಯವಾಗಿ ಹೇಳಬಹುದು. ಮಗು ಒಪ್ಪುವುದೋ ಇಲ್ಲವೋ ಬೇರೆ ಮಾತು.