ಅಣ್ಣ, ಯಾವ ಲಿನಕ್ಸ್ ಹಾಕ್ಲಿ?

ನಮ್ಮ ಹಾಸ್ಟೆಲ್‌ನಲ್ಲಿ ಮೆಸ್ ಊಟ ಬಿಟ್ರೆ ಅತಿ ಹೆಚ್ಚು ಜಗಳ ಆಗೋದು ಲಿನಕ್ಸ್ ಬಗ್ಗೆ. ಈ ಸೆಮಿಸ್ಟರ್ ಶುರುವಾದ ವಾರ ಒಬ್ಬ ಜೂನಿಯರ್ ಲ್ಯಾಪ್‌ಟಾಪ್ ಹಿಡ್ಕೊಂಡು ನಮ್ಮ ರೂಮಿಗೆ ಬಂದ. ಅವನ ಅಕ್ಕ ಡಿಗ್ರಿ ಓದುವಾಗ ಬಳಸಿದ್ದ ಲ್ಯಾಪ್‌ಟಾಪ್ ಅದು. ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್. ಅದರಲ್ಲಿದ್ದ ಓಎಸ್‌ಗೆ ಅಪ್‌ಡೇಟ್ ಬರೋದು ನಿಂತಿತ್ತು, ಹೊಸ ಆವೃತ್ತಿ ಹಾಕೋಣ ಅಂದ್ರೆ ಆ ಪ್ರೊಸೆಸರ್ ಸಾಲದು. "ಅಣ್ಣ, ಮನೇಲಿ ಹೊಸ ಲ್ಯಾಪ್‌ಟಾಪ್ ಕೇಳೋ ಹಾಗಿಲ್ಲ. ನಾಲ್ಕು ವರ್ಷ ಇದ್ರಲ್ಲೇ ಆಗ್ಬೇಕು. ಯಾವ ಲಿನಕ್ಸ್ ಹಾಕ್ಲಿ?" ಅಂದ.

ರೂಮಿನಲ್ಲಿ ನಾಲ್ಕು ಜನ ಇದ್ವಿ. ಉತ್ತರ ಮಾತ್ರ ಐದು ಬಂತು! ಒಬ್ಬ ಉಬುಂಟು ಅಂದ, ಇನ್ನೊಬ್ಬ ಮಿಂಟ್ ಅಂದ, ಆಮೇಲೆ ಅವನೇ ಮನಸ್ಸು ಬದಲಿಸಿ ಫೆಡೋರಾ ಅಂದ. "ಆರ್ಚ್ ಹಾಕ್ಕೋ ಮಗಾ, ಆಗ್ಲೇ ಕಲಿಯೋದು" ಅಂತ ಮೂಲೆಯಿಂದ ಒಂದು ಧ್ವನಿ. ಪಾಪ, ಆ ಹುಡುಗ ಬಂದಾಗ ಇದ್ದದ್ದಕ್ಕಿಂತ ಹೆಚ್ಚು ಗೊಂದಲ ಹೊತ್ಕೊಂಡು ಹೋದ. ಐದನೇ ಉತ್ತರ ನನ್ನದು: ಡೆಬಿಯನ್. ಅವತ್ತು ಗಲಾಟೆಯಲ್ಲಿ ಕಾರಣ ಹೇಳೋಕೆ ಆಗ್ಲಿಲ್ಲ. ಈಗ ಹೇಳ್ತೀನಿ.

ಮೊದಲು ಒಂದು ತಪ್ಪೊಪ್ಪಿಗೆ. ಮೂರನೇ ಸೆಮ್‌ನಲ್ಲಿ ನಾನು ಏಳು ಡಿಸ್ಟ್ರೋ ಬದಲಿಸಿದವನು. ವಾರಕ್ಕೊಂದು ಹೊಸ ವಾಲ್‌ಪೇಪರ್, ಹೊಸ ಟರ್ಮಿನಲ್ ಬಣ್ಣ, ಸ್ಟೇಟಸ್‌ಗೆ ಒಂದು ಸ್ಕ್ರೀನ್‌ಶಾಟ್. ಮಿನಿ ಪ್ರಾಜೆಕ್ಟ್ ರಿವ್ಯೂ ಹಿಂದಿನ ರಾತ್ರಿ ಸುಮ್ಮನಿರಲಾರದೆ ಅಪ್‌ಡೇಟ್ ಕೊಟ್ಟೆ. ರೀಸ್ಟಾರ್ಟ್ ಆದಮೇಲೆ ಕಪ್ಪು ಪರದೆ. ಗಾಬರಿಯಲ್ಲಿ ಮತ್ತೆ ಇನ್‌ಸ್ಟಾಲ್ ಮಾಡೋಕೆ ಹೋಗಿ ತಪ್ಪು ಪಾರ್ಟಿಷನ್ ಫಾರ್ಮ್ಯಾಟ್ ಮಾಡಿದೆ. ಬ್ಯಾಕಪ್ ಇರಲಿಲ್ಲ. ಟೀಮಿನ ಮೂವರ ಎರಡು ವಾರದ ಕೆಲಸ ಹೋಯ್ತು. ಡಿಸ್ಟ್ರೋವನ್ನು ಬೈದರೆ ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ, ತಪ್ಪು ನನ್ನದೇ. ಆದರೆ ಅವತ್ತು ಒಂದು ಮಾತು ಅರ್ಥ ಆಯ್ತು: ಏಳು ಸಲ ಇನ್‌ಸ್ಟಾಲ್ ಮಾಡಿ ನಾನು ಕಲಿತದ್ದು ಇನ್‌ಸ್ಟಾಲ್ ಮಾಡೋದನ್ನ ಮಾತ್ರ.

ಹಾಗಾದ್ರೆ ಡಿಸ್ಟ್ರೋ ಆರಿಸೋದು ಯಾವ ಆಧಾರದ ಮೇಲೆ? ಅಂದಚಂದದ ಮೇಲಂತೂ ಅಲ್ಲ. ಗ್ನೋಮ್, ಕೆಡಿಇ, ಎಕ್ಸ್‌ಎಫ್‌ಸಿಇ ಎಲ್ಲ ದೊಡ್ಡ ಡಿಸ್ಟ್ರೋಗಳಲ್ಲೂ ಸಿಗುತ್ತವೆ. ಒಳಗಿನ ಕರ್ನಲ್ಲೂ ಒಂದೇ. ನಿಜವಾಗಿ ಬದಲಾಗೋದು ಮುಖ್ಯವಾಗಿ ಎರಡು ವಿಷಯ. ಹೊಸ ಆವೃತ್ತಿಗಳು ಎಷ್ಟು ಬೇಗ ಬರುತ್ತವೆ ಅನ್ನೋದು ಒಂದು. ಇನ್ನೊಂದು, ಯಾರೂ ಜಗಳ ಆಡದ ವಿಷಯ: ಅದರ ಬಗ್ಗೆ ತೀರ್ಮಾನ ಮಾಡೋರು ಯಾರು?

ಈ ಎರಡನೇ ಪ್ರಶ್ನೆ ಎಷ್ಟು ದೊಡ್ಡದು ಅಂತ ಸೆಂಟ್‌ಓಎಸ್ ಬಳಕೆದಾರರನ್ನ ಕೇಳಿ. ಸೆಂಟ್‌ಓಎಸ್ 8 ಅನ್ನು 2029ರವರೆಗೆ ನಂಬಬಹುದು ಅಂತ ಸರ್ವರ್‌ಗಳಿಗೆ ಹಾಕಿಕೊಂಡವರಿಗೆ, ಅದು 2021ರ ಕೊನೆಗೇ ಮುಗಿಯುತ್ತೆ ಅನ್ನೋ ಸುದ್ದಿ 2020ರ ಡಿಸೆಂಬರ್‌ನಲ್ಲಿ ಬಂತು. ಅದನ್ನ ನಡೆಸುತ್ತಿದ್ದ ಕಂಪನಿ ತನ್ನ ದಾರಿ ತಾನು ನೋಡಿಕೊಂಡಿತು. ಅದು ಅವರ ಹಕ್ಕು. ಸೋರ್ಸ್ ಕೋಡ್ ಮುಕ್ತವಾಗಿದ್ದರಿಂದ ಆಲ್ಮಾ, ರಾಕಿ ಅನ್ನೋ ಹೊಸ ಡಿಸ್ಟ್ರೋಗಳು ಹುಟ್ಟಿ ಜನರನ್ನ ಕಾಪಾಡಿದವು. ಕೋಡ್ ಮುಕ್ತ ಆಗಿದ್ದರೆ ಸಾಲದು, ತೀರ್ಮಾನ ಯಾರ ಕೈಯಲ್ಲಿದೆ ಅಂತಲೂ ನೋಡಬೇಕು ಅನ್ನೋದು ಇದರ ಪಾಠ.

ಡೆಬಿಯನ್‌ಗೆ ಒಡೆಯ ಕಂಪನಿ ಇಲ್ಲ. ಅದನ್ನ 1993ರ ಆಗಸ್ಟ್ 16ರಂದು ಶುರು ಮಾಡಿದ್ದು ಇಯಾನ್ ಮರ್ಡಾಕ್. ಆಗ ಅವರು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ವಿದ್ಯಾರ್ಥಿ, ವಯಸ್ಸು 20. ಅಂದ್ರೆ ನಮ್ಮ ನಿಮ್ಮ ವಯಸ್ಸೇ! ಗೆಳತಿ ಡೆಬ್ರಾ ಮತ್ತು ತನ್ನ ಹೆಸರು ಸೇರಿಸಿ 'ಡೆಬಿಯನ್' ಅಂತ ಇಟ್ಟರು. 1997ರಲ್ಲಿ ಡೆಬಿಯನ್ ತನ್ನ ಬಳಕೆದಾರರಿಗೆ ಕೊಡುವ ಮಾತನ್ನ 'ಸೋಷಿಯಲ್ ಕಾಂಟ್ರ್ಯಾಕ್ಟ್' ಅಂತ ಬರೆದಿಟ್ಟಿತು. ನಾವು ವೈವಾದಲ್ಲಿ ಹೇಳುವ 'ಓಪನ್ ಸೋರ್ಸ್' ವ್ಯಾಖ್ಯೆ ರೂಪುಗೊಂಡದ್ದು ಅದರ ಜೊತೆಗಿದ್ದ ನಿಯಮಗಳಿಂದಲೇ. ಡೆವಲಪರ್‌ಗಳು ಪ್ರತಿ ವರ್ಷ ಮತ ಹಾಕಿ ನಾಯಕರನ್ನ ಆರಿಸ್ತಾರೆ.

ಈ ಮತದಾನ ಬರೀ ತೋರಿಕೆಯದ್ದಲ್ಲ. ಮೊದಲೆಲ್ಲ ಡೆಬಿಯನ್ ಹಾಕಿದರೆ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ವೈಫೈ ಬರ್ತಿರಲಿಲ್ಲ. ವೈಫೈ ಚಿಪ್‌ಗೆ ಬೇಕಾದ ಫರ್ಮ್‌ವೇರ್ ಮುಕ್ತ ತಂತ್ರಾಂಶ ಅಲ್ಲ ಅನ್ನೋ ಕಾರಣಕ್ಕೆ ಅಧಿಕೃತ ಇನ್‌ಸ್ಟಾಲರ್‌ನಲ್ಲಿ ಅದನ್ನ ಸೇರಿಸ್ತಿರಲಿಲ್ಲ. ತತ್ವ ಮುಖ್ಯವೋ, ಬಳಸುವವರ ಕಷ್ಟ ಮುಖ್ಯವೋ? ಈ ಬಗ್ಗೆ ಎಲ್ಲರೆದುರೇ ವಾದ ಮಾಡಿ 2022ರಲ್ಲಿ ಮತ ಹಾಕಿದರು. ಹಾಗಾಗಿ 2023ರಲ್ಲಿ ಬಂದ ಡೆಬಿಯನ್ 12ರಿಂದ ಫರ್ಮ್‌ವೇರ್ ಇನ್‌ಸ್ಟಾಲರ್ ಜೊತೆಗೇ ಬರುತ್ತೆ. ನನಗೆ ಇಷ್ಟವಾಗೋದು ಇದೇ. ಯಾವ ಬದಲಾವಣೆ ಯಾಕೆ ಆಯ್ತು ಅಂತ ಯಾರು ಬೇಕಾದ್ರೂ ಓದಿ ತಿಳ್ಕೋಬಹುದು.

ಇನ್ನು ವೇಗದ ವಿಷಯ. ಡೆಬಿಯನ್ ಸ್ಟೇಬಲ್ ಸುಮಾರು ಎರಡು ವರ್ಷಕ್ಕೊಮ್ಮೆ ಬರುತ್ತೆ, ನಡುವೆ ಬರೋದು ಹೆಚ್ಚಾಗಿ ಸೆಕ್ಯುರಿಟಿ ತಿದ್ದುಪಡಿ. ಡೆಬಿಯನ್ 13 ಬಂದಿದ್ದು 2025ರ ಆಗಸ್ಟ್‌ನಲ್ಲಿ. ದೀರ್ಘಾವಧಿ ಬೆಂಬಲ ಸೇರಿ ಒಟ್ಟು ಐದು ವರ್ಷ. ನಮ್ಮ ಇಡೀ ಬಿ.ಇ. ಒಂದೇ ಆವೃತ್ತಿಯಲ್ಲಿ ಮುಗಿಸಬಹುದು, ಬ್ಯಾಕ್‌ಲಾಗ್ ಇದ್ದರೂ ಒಂದು ವರ್ಷ ಗ್ರೇಸ್!

"ಹಳೇ ಪ್ಯಾಕೇಜ್ ಇಟ್ಕೊಂಡು ಏನ್ ಮಾಡ್ತೀಯ ಗುರು?" ಅಂತ ಕೇಳೋರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ನಮ್ಮ ಲ್ಯಾಬ್‌ಗೆ ಬೇಕಾದ ಜಿಸಿಸಿ, ಪೈಥಾನ್, ಗಿಟ್ ಎಲ್ಲ ಅದರಲ್ಲಿವೆ. ಪಿಪ್ ಬಳಸಿ ನೇರವಾಗಿ ಪ್ಯಾಕೇಜ್ ಹಾಕೋಕೆ ಹೋದ್ರೆ 'ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್ಮೆಂಟ್' ಅಂತ ಬೈಯುತ್ತೆ. ಅದು ತೊಂದರೆ ಅಲ್ಲ, ಪ್ರಾಜೆಕ್ಟ್‌ಗೊಂದು ವರ್ಚುವಲ್ ಎನ್ವಿರಾನ್ಮೆಂಟ್ ಮಾಡ್ಕೋ ಅನ್ನೋ ಪಾಠ. ಉಬುಂಟು ಮತ್ತು ರಾಸ್ಪ್‌ಬೆರಿ ಪೈ ಓಎಸ್ ಎರಡೂ ಡೆಬಿಯನ್ ಬೇರಿನವೇ. ಇಲ್ಲಿ ಕಲಿತ ಏಪಿಟಿ ಕಮಾಂಡ್‌ಗಳು ಇಸಿ ಗೆಳೆಯರ ಬೋರ್ಡ್‌ನಲ್ಲೂ ನಡೆಯುತ್ತವೆ.

ಕನ್ನಡ ಸಂಘದ ಪತ್ರಿಕೆಯಲ್ಲಿ ಇದನ್ನೂ ಹೇಳಲೇಬೇಕು. ಡೆಬಿಯನ್‌ನ ಗ್ರಾಫಿಕಲ್ ಇನ್‌ಸ್ಟಾಲರ್ ಕನ್ನಡದಲ್ಲಿ ಸಿಗುತ್ತೆ. ಗುಬ್ಬಿ, ನವಿಲು ಅನ್ನೋ ಕನ್ನಡ ಫಾಂಟ್‌ಗಳು ಅದರ ಭಂಡಾರದಲ್ಲೇ ಇವೆ. ಐಬಸ್ ಜೊತೆ ಎಂ17ಎನ್ ಹಾಕ್ಕೊಂಡ್ರೆ ಕೆಜಿಪಿ ಕೀಲಿಮಣೆ ಸಿಗುತ್ತೆ. ಈ ಬರಹ ಟೈಪ್ ಮಾಡಿದ್ದೂ ಹಾಗೇ.

ಎಲ್ಲರಿಗೂ ಡೆಬಿಯನ್ನೇ ಸರಿ ಅಂತ ಹೇಳಲ್ಲ. ಇವತ್ತೇ ಮಾರ್ಕೆಟ್‌ಗೆ ಬಂದ ಲ್ಯಾಪ್‌ಟಾಪ್ ಆದ್ರೆ ಹೊಸ ಕರ್ನಲ್ ಬೇಗ ಕೊಡುವ ಫೆಡೋರಾ ಒಳ್ಳೇದು. ಆಟೋಕ್ಯಾಡ್, ಸಾಲಿಡ್‌ವರ್ಕ್ಸ್ ಬೇಕಾದ ಸಿವಿಲ್, ಮೆಕ್ಯಾನಿಕಲ್ ಗೆಳೆಯರು ವಿಂಡೋಸ್ ತೆಗೆಯಬೇಡಿ. 32 ಬಿಟ್ ಹಳೇ ಪಿಸಿಗೆ ಡೆಬಿಯನ್ 13ರ ಇನ್‌ಸ್ಟಾಲರ್ ಇಲ್ಲ. ನೀವು ಬೇರೆ ಯಾವುದನ್ನ ಆರಿಸಿದ್ರೂ ಪರವಾಗಿಲ್ಲ, ಒಂದು ವರ್ಷ ಅದರಲ್ಲೇ ನಿಲ್ಲಿ. ಕೆಟ್ಟಾಗ ಫಾರ್ಮ್ಯಾಟ್ ಮಾಡ್ಬೇಡಿ, ಲಾಗ್ ಓದಿ ರಿಪೇರಿ ಮಾಡಿ. ಎಂಜಿನಿಯರ್ ಆಗೋದು ಅಲ್ಲೇ.

ಹಾಕೋರಿಗೆ ಎರಡು ಕಿವಿಮಾತು. ಇನ್‌ಸ್ಟಾಲ್ ಮಾಡುವಾಗ ರೂಟ್ ಪಾಸ್‌ವರ್ಡ್ ಖಾಲಿ ಬಿಡಿ, ಆಗ ನಿಮ್ಮ ಅಕೌಂಟ್‌ಗೇ ಸುಡೋ ಅಧಿಕಾರ ಸಿಗುತ್ತೆ. ಇಲ್ಲದಿದ್ರೆ ಮೊದಲ ದಿನವೇ 'ನೀನು ಪಟ್ಟಿಯಲ್ಲಿಲ್ಲ' ಅಂತ ಗದರಿಸುತ್ತೆ. 4 ಜಿಬಿ ರ‍್ಯಾಮ್ ಇದ್ರೆ ಗ್ನೋಮ್ ಬದಲು ಎಕ್ಸ್‌ಎಫ್‌ಸಿಇ ಆರಿಸಿ. ಮತ್ತೆ, ಮೊದಲು ಬ್ಯಾಕಪ್! ಇದು ಕಿವಿಮಾತಲ್ಲ, ಕೈಮುಗಿದು ಹೇಳ್ತಿರೋದು.

ಆ ಜೂನಿಯರ್ ಮರುವಾರ ಮತ್ತೆ ಬಂದ, ಇಬ್ಬರೂ ಕೂತು ಡೆಬಿಯನ್ ಹಾಕಿದ್ವಿ. ಅಕ್ಕನ ಲ್ಯಾಪ್‌ಟಾಪ್ ಚೆನ್ನಾಗೇ ಓಡ್ತಿದೆ. ಅವನು ಈಗಲೂ ವಾರಕ್ಕೊಮ್ಮೆ ಬರ್ತಾನೆ. ಯಾವ ಡಿಸ್ಟ್ರೋ ಅಂತ ಕೇಳೋಕಲ್ಲ, ತನ್ನ ಸಿ ಪ್ರೋಗ್ರಾಮ್ ಯಾಕೆ ಸೆಗ್ಮೆಂಟೇಶನ್ ಫಾಲ್ಟ್ ಕೊಡ್ತಿದೆ ಅಂತ ಕೇಳೋಕೆ.