ಚಂದಾ ಎತ್ತುವ ಮೊದಲು ಬಾಕಿ ಕೇಳೋಣ

ಹೋದ ವರ್ಷದ ಚಳಿಗಾಲದಲ್ಲಿ ನಾವು ಒಂದು ತಪ್ಪು ಮಾಡಿದೆವು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು, ಆದರೂ ತಪ್ಪು ತಪ್ಪೇ.

ನೆದರ್‌ಲ್ಯಾಂಡ್ಸಿನ ಬ್ರಾಬಂಟ್ ಪ್ರಾಂತ್ಯದ ಒಂದು ಗೋದಾಮಿನಲ್ಲಿ ನಮ್ಮ ಕಡೆಯ ತಮ್ಮನೊಬ್ಬನ ಪಾದದ ಮೇಲೆ ಫೋರ್ಕ್‌ಲಿಫ್ಟ್ ಹತ್ತಿತು. ಹೆಂಡತಿ ಐಟಿ ಕಂಪನಿಯಲ್ಲಿ, ಇವನು ಅವಳ ವೀಸಾದಲ್ಲಿ ಬಂದು ಏಜೆನ್ಸಿಯ ಮೂಲಕ ಗೋದಾಮಿಗೆ ಸೇರಿದವ. ಗಾಡಿ ಹಿಂದಕ್ಕೆ ಬರುವಾಗ ಕೂಗಬೇಕಾದ ಹಾರನ್ ಕೆಟ್ಟು ವಾರವಾಗಿತ್ತು. ನಡೆಯುವವರಿಗೆಂದು ಎಳೆದ ಹಳದಿ ಗೆರೆಯ ಮೇಲೆ ಸರಕು ಪೇರಿಸಿ ಇಟ್ಟಿದ್ದರು. ಪಾದದ ಮೂರು ಎಲುಬು ಮುರಿಯಿತು.

ಸುದ್ದಿ ವಾಟ್ಸಾಪ್ ಗ್ರೂಪಿಗೆ ಬಂದ ಕೂಡಲೇ ನಾವು ಪಟ್ಟಿ ಹಾಕಿದೆವು. ಎರಡೇ ದಿನದಲ್ಲಿ 2,340 ಯೂರೋ ಆಯಿತು. ಸಂಘದ ಲೆಕ್ಕ ಬರೆಯುವವರು ನಾವೇ ಆದ್ದರಿಂದ ಪ್ರತಿ ಸೆಂಟೂ ಗೊತ್ತು. ಸ್ಕಾಲರ್‌ಶಿಪ್ಪಿನಲ್ಲಿ ಓದುವ ಹುಡುಗ ಕೂಡ ಹತ್ತು ಯೂರೋ ಹಾಕಿದ್ದ. ಎಲ್ಲರೂ ದುಆ ಮಾಡಿದೆವು, ಸಮಾಧಾನಪಟ್ಟೆವು. ಆದರೆ ಈ ಹಣ ಕೊಡಬೇಕಾದವರು ಯಾರು ಎಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ.

ಲೆಕ್ಕದ ಭಾಷೆಯಲ್ಲಿ ಹೇಳುತ್ತೇವೆ. ಒಬ್ಬನಿಂದ ಬರಬೇಕಾದ ಬಾಕಿಯನ್ನು ವಸೂಲು ಮಾಡದೆ, ಆ ಹೊಂಡವನ್ನು ದಾನದ ಹಣದಿಂದ ತುಂಬಿದರೆ ಲಾಭ ಆಗುವುದು ಬಾಕಿದಾರನಿಗೆ. ನಾವು ಆ ತಮ್ಮನಿಗೆ ಸಹಾಯ ಮಾಡಿದೆವು ಎಂದುಕೊಂಡೆವು. ನಿಜವಾಗಿ ನೋಡಿದರೆ ಗೋದಾಮಿನ ವಿಮಾ ಕಂಪನಿಗೆ ನಮ್ಮ ಬಡ ಹುಡುಗರ ಜೇಬಿನಿಂದ ಚಂದಾ ಎತ್ತಿ ಕೊಟ್ಟೆವು.

ಡಚ್ಚರ ಕಾನೂನು ಈ ವಿಷಯದಲ್ಲಿ ಸ್ಪಷ್ಟ ಉಂಟು. ಅವರ ಸಿವಿಲ್ ಸಂಹಿತೆಯ 7ನೇ ಪುಸ್ತಕದ 658ನೇ ಕಲಮಿನ ಪ್ರಕಾರ ಕೆಲಸದಲ್ಲಿ ಪೆಟ್ಟಾದರೆ ಹೊಣೆ ಧಣಿಯದ್ದು. ಪೆಟ್ಟು ಕೆಲಸದಲ್ಲೇ ಆಯಿತು ಎಂದು ಕೆಲಸಗಾರ ತೋರಿಸಬೇಕು, ಅಷ್ಟೆ. ಸುರಕ್ಷೆಗೆ ಬೇಕಾದ್ದನ್ನೆಲ್ಲ ಮಾಡಿದ್ದೆ ಎಂದು ರುಜು ಮಾಡಬೇಕಾದವನು ಧಣಿ. "ನೀನು ನಮ್ಮ ಕೆಲಸದವನಲ್ಲ, ಏಜೆನ್ಸಿಯವನು" ಎಂದು ಗೋದಾಮಿನ ಮೇಸ್ತ್ರಿ ಆ ತಮ್ಮನಿಗೆ ಹೇಳಿದನಂತೆ. ಇದು ನಡೆಯುವ ಮಾತಲ್ಲ. ಅದೇ ಕಲಮಿನ ನಾಲ್ಕನೇ ಉಪಕಲಂ ಏಜೆನ್ಸಿಯಿಂದ ಬಂದವನಿಗೂ ಅದೇ ರಕ್ಷಣೆ ಕೊಡುತ್ತದೆ. ಯಾರ ಜಾಗದಲ್ಲಿ, ಯಾರ ಹೇಳಿಕೆಯಂತೆ ದುಡಿಯುತ್ತಾನೋ ಅವರೂ ಹೊಣೆಗಾರರು. ಪೆಟ್ಟಾದವನು ಆಸ್ಪತ್ರೆಗೆ ದಾಖಲಾದರೆ, ಅಥವಾ ಶಾಶ್ವತ ಊನವಾದರೆ, ಅಥವಾ ಸತ್ತರೆ, ಧಣಿ ಕಾರ್ಮಿಕ ತಪಾಸಣಾ ಇಲಾಖೆಗೆ ತಿಳಿಸಲೇಬೇಕು.

ಇನ್ನು ನಮ್ಮವರು ಹೇಳುವ ನೆಪಗಳಿಗೆ ಬರೋಣ. ಇವನ್ನು ನಾವೂ ಹೇಳಿದವರೇ.

ಮೊದಲನೆಯದು, "ನನ್ನದೂ ಸ್ವಲ್ಪ ತಪ್ಪಿತ್ತು ಕಾಕ." ಇರಲಿ. ಕೆಲಸದ ಜಾಗದಲ್ಲಿ ಸಾಮಾನ್ಯ ಅಜಾಗರೂಕತೆಗೆ ಪರಿಹಾರ ಹೋಗುವುದಿಲ್ಲ. ಬೇಕೆಂದೇ ಮಾಡಿದರೆ, ಅಥವಾ ಅಪಾಯ ಗೊತ್ತಿದ್ದೂ ಹುಚ್ಚು ಧೈರ್ಯ ಮಾಡಿದರೆ ಮಾತ್ರ ಹೋಗುತ್ತದೆ. ಕೆಲಸದ ಹೊರಗೆ ಆದ ಪೆಟ್ಟಿಗೂ ತಪ್ಪು ಹಂಚಿಕೆಯಾಗುತ್ತದೆಯೇ ಹೊರತು ಹಕ್ಕು ಸಾಯುವುದಿಲ್ಲ. ಇಲ್ಲಿಯ ಕಾನೂನು ವಿದ್ಯಾರ್ಥಿಗಳೆಲ್ಲ ಓದುವ ಒಂದು ಹಳೆಯ ಮೊಕದ್ದಮೆ ಉಂಟು. ಆಮ್‌ಸ್ಟರ್‌ಡ್ಯಾಮಿನ ಒಂದು ಕೆಫೆಗೆ ಕೋಕಾ-ಕೋಲಾ ತಂದ ನೌಕರ ನೆಲಮಾಳಿಗೆಯ ಮುಚ್ಚಳ ತೆರೆದಿಟ್ಟಿದ್ದ. ಶೌಚಾಲಯಕ್ಕೆ ಹೋಗುತ್ತಿದ್ದ ಗಿರಾಕಿ ಅದರೊಳಗೆ ಬಿದ್ದು ಗಾಯಗೊಂಡ. ನೋಡಿ ನಡೆಯಬೇಕಿತ್ತು ಎಂದು ಅರ್ಧ ತಪ್ಪು ಅವನ ತಲೆಗೆ ಬಂತು, ಆದರೆ ಉಳಿದ ಅರ್ಧ ನಷ್ಟವನ್ನು ಕಂಪನಿ ಕೊಡಬೇಕಾಯಿತು. 1965ರಲ್ಲಿ ಡಚ್ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಜನ ಯಾವಾಗಲೂ ಕಣ್ಣು ಬಿಟ್ಟು ನಡೆಯುವುದಿಲ್ಲ ಎಂಬುದನ್ನು ಅಪಾಯ ಮಾಡಿಟ್ಟವನೇ ಯೋಚಿಸಬೇಕು ಎಂಬುದು ಅದರ ಸಾರ. ರಸ್ತೆಯಲ್ಲೂ ಹಾಗೆ: ಸೈಕಲಿನಲ್ಲಿ ಅಥವಾ ನಡೆದು ಹೋಗುವವನಿಗೆ ಕಾರು ಹೊಡೆದರೆ, ಅವನು ಬೇಕೆಂದು ಮಾಡಿಕೊಂಡದ್ದಲ್ಲದಿದ್ದರೆ, ಸಾಮಾನ್ಯವಾಗಿ ಅರ್ಧವಾದರೂ ಸಿಗುತ್ತದೆ. 14 ವರ್ಷದೊಳಗಿನ ಮಗುವಿಗೆ ಪೂರ್ತಿ.

ಎರಡನೆಯದು, "ವಕೀಲರಿಗೆ ಕೊಡಲಿಕ್ಕೆ ಹಣ ಎಲ್ಲಿ?" ಹೊಣೆ ಸಾಬೀತಾದರೆ ನಿಮ್ಮ ವಕೀಲರ ನ್ಯಾಯವಾದ ಖರ್ಚೂ ನಷ್ಟದ ಭಾಗವೇ, ಎದುರಿನವರೇ ಕೊಡಬೇಕು. ಮೊದಲ ಸಲಹೆಗೆ ಯುರಿಡಿಸ್ ಲೊಕೆಟ್ ಎಂಬ ಉಚಿತ ಕಾನೂನು ಕೇಂದ್ರ ಉಂಟು, ಎಫ್‌ಎನ್‌ವಿಯಂಥ ಕಾರ್ಮಿಕ ಸಂಘಟನೆ ಉಂಟು. ಆದರೆ ಒಂದು ಎಚ್ಚರಿಕೆ. ಆಸ್ಪತ್ರೆಯಿಂದ ಬಂದ ಕೂಡಲೇ ಫೋನು ಮಾಡಿ "ಬಂದದ್ದರಲ್ಲಿ ಇಷ್ಟು ಶೇಕಡಾ ನಮಗೆ" ಎನ್ನುವವರೂ ಇದ್ದಾರೆ. ಗಾಯದ ಪರಿಹಾರದ ತಜ್ಞ ಎಂದು ಬೋರ್ಡು ಹಾಕಿಕೊಳ್ಳಲು ಯಾರಿಗೂ ಪರವಾನಗಿ ಬೇಡ. ವಕೀಲ ಎಂಬ ಹೆಸರಿಗೆ ಮಾತ್ರ ಕಾನೂನಿನ ರಕ್ಷಣೆ ಉಂಟು. ಅವರು ವಕೀಲರ ಪಟ್ಟಿಯಲ್ಲಿ ಇದ್ದಾರೋ ಎಂದು ನೋಡದೆ ಸಹಿ ಹಾಕಬೇಡಿ.

ಮೂರನೆಯದು, "ವೀಸಾಕ್ಕೆ ತೊಂದರೆ ಆಗ್ತದೆ." ಪರಿಹಾರ ಕೇಳಿದ್ದಕ್ಕೆ ನಿವಾಸ ಪರವಾನಗಿ ರದ್ದು ಮಾಡುವ ಕಾನೂನು ಇಲ್ಲ. ಕೆಲಸ ಕಳೆದುಕೊಂಡರೆ ಕೆಲಸದ ವೀಸಾದವರಿಗೆ ಕಷ್ಟ ಎಂಬುದು ನಿಜ, ಆ ಹೆದರಿಕೆಯನ್ನು ನಾವು ನಗೆಯಾಡುವುದಿಲ್ಲ. ಆದರೆ ಹೆಚ್ಚಾಗಿ ಹಣ ಕೊಡುವುದು ಧಣಿಯ ವಿಮೆ. ಅದಕ್ಕೆಂದೇ ಅವನು ವರ್ಷ ವರ್ಷ ಕಂತು ಕಟ್ಟಿರುತ್ತಾನೆ.

ನಾಲ್ಕನೆಯದು, ದೊಡ್ಡದು: "ವಿಧಿ, ಸಬ್ರ್ ಮಾಡು." ಸಬ್ರ್ ನೋವಿಗೆ. ಕೆಟ್ಟ ಹಾರನ್ನನ್ನು ರಿಪೇರಿ ಮಾಡದವನ ಲೆಕ್ಕವನ್ನು ವಿಧಿಯ ಖಾತೆಗೆ ಬರೆಯಲು ನಮಗೆ ಯಾರು ಹೇಳಿದರು?

ಊರಿನವರಿಗೆ ಇದು ದೂರದ ವಿಷಯ ಅಲ್ಲ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಬಜ್ಪೆಯಲ್ಲಿ ಉರುಳಿ 158 ಮಂದಿ ತೀರಿಕೊಂಡರು, ಉಳಿದವರು ಎಂಟೇ ಮಂದಿ. ನಮ್ಮ ಎಷ್ಟೋ ಮನೆಗಳಲ್ಲಿ ಆ ದಿನದ ಫೋಟೋ ಇನ್ನೂ ಗೋಡೆಯಲ್ಲಿ ಉಂಟು. ದುಃಖದಲ್ಲಿದ್ದ ಎಷ್ಟೋ ಉಮ್ಮಂದಿರು ಎದುರಿಗೆ ಇಟ್ಟ ಕಾಗದಕ್ಕೆ ಸಹಿ ಮಾಡಿದರು. ಬಿಡದೆ ಹೋರಾಡಿದ ಒಂದು ಕುಟುಂಬಕ್ಕೆ 2020ರಲ್ಲಿ ಸುಪ್ರೀಂ ಕೋರ್ಟು 7.64 ಕೋಟಿ ರೂಪಾಯಿ ಎಂದು ಹೇಳಿತು. ತೀರಿಕೊಂಡವರ ಸಂಬಳ ದೊಡ್ಡದಿತ್ತು, ಎಲ್ಲರಿಗೂ ಅಷ್ಟೇ ಬರುತ್ತಿರಲಿಲ್ಲ, ನಿಜ. ಆದರೆ ಮೊದಲು ಕೊಟ್ಟದ್ದೇ ಕೊನೆಯದಲ್ಲ ಎಂಬ ಪಾಠ ಎಲ್ಲರಿಗೂ ಒಂದೇ.

ಇಲ್ಲಿಯೂ ವಿಮೆಯವರು ಬೇಗ ಬಂದು ಒಂದು ಮೊತ್ತ ಹೇಳಬಹುದು. ಆ ಕಾಗದದಲ್ಲಿ "ಇನ್ನು ಯಾವ ಹಕ್ಕೂ ಇಲ್ಲ" ಎಂಬ ಒಂದು ಸಾಲು ಇರುತ್ತದೆ. ಗಾಯ ಎಷ್ಟು ವಾಸಿಯಾಗುತ್ತದೆ ಎಂದು ಡಾಕ್ಟರು ಹೇಳುವ ಮೊದಲು ಅದಕ್ಕೆ ಸಹಿ ಹಾಕಿದರೆ ಮುಂದಿನ ಆಪರೇಷನ್ನಿನ ಖರ್ಚು ನಿಮ್ಮ ಮೇಲೆ. ನಷ್ಟ ಎಂದರೆ ಆಸ್ಪತ್ರೆ ಬಿಲ್ಲು ಮಾತ್ರ ಅಲ್ಲ. ಕಾಯಿಲೆಯ ಕಾಲದಲ್ಲಿ ಸಾಮಾನ್ಯವಾಗಿ ಸಂಬಳದ ಶೇಕಡಾ 70 ಸಿಗುತ್ತದೆ, ತಪ್ಪಿದ 30 ನಷ್ಟ. ಆರೋಗ್ಯ ವಿಮೆಯಲ್ಲಿ ನಾವೇ ತೆರಬೇಕಾದ ವರ್ಷದ 385 ಯೂರೋ ನಷ್ಟ. ಟ್ಯಾಕ್ಸಿ, ಮನೆಕೆಲಸಕ್ಕೆ ಕರೆದವರ ಕೂಲಿ, ಮುಂದೆ ಆ ಕೆಲಸ ಮಾಡಲಾಗದಿದ್ದರೆ ಹೋಗುವ ಗಳಿಕೆ ಎಲ್ಲ ನಷ್ಟ. ನೋವಿಗೂ ಬೇರೆ ಹಣ ಉಂಟು, ಸ್ಮಾರ್ಟೆನ್‌ಖೆಲ್ಡ್ ಎನ್ನುತ್ತಾರೆ. 2019ರ ಜನವರಿಯಿಂದ, ತೀರಿಕೊಂಡವರ ಅಥವಾ ಶಾಶ್ವತವಾಗಿ ತೀವ್ರ ಗಾಯಗೊಂಡವರ ಹತ್ತಿರದ ಸಂಬಂಧಿಕರಿಗೂ ಅವರ ದುಃಖಕ್ಕೆಂದು 12,500ರಿಂದ 20,000 ಯೂರೋ ತನಕ ಗೊತ್ತುಪಡಿಸಿದ್ದಾರೆ.

ಆದ್ದರಿಂದ ನಮ್ಮ ಸಂಘಕ್ಕೆ, ಮೊದಲು ನಮಗೇ, ಇಷ್ಟು ಹೇಳುತ್ತೇವೆ. ಪೆಟ್ಟಾದ ಸುದ್ದಿ ಬಂದರೆ ಪಟ್ಟಿ ಹಾಕುವ ಮೊದಲು ಇಬ್ಬರು ಹೋಗಿ ನೋಡಲಿ. ಫೋಟೋ ತೆಗೆಯಲಿ, ನೋಡಿದವರ ಹೆಸರು ನಂಬರು ಬರೆದುಕೊಳ್ಳಲಿ, ಮನೆ ಡಾಕ್ಟರ ಚೀಟಿ, ರಸೀದಿ, ಸಂಬಳದ ಚೀಟಿ ಒಂದು ಫೈಲಿಗೆ ಹಾಕಲಿ. ನೀವೇ ಹೊಣೆ ಎಂದು ಧಣಿಗೆ ಒಂದು ರಿಜಿಸ್ಟರ್ಡ್ ಪತ್ರ ಹೋಗಲಿ. ಆಮೇಲೆ ಚಂದಾ ಎತ್ತೋಣ, ಆದರೆ ಸಾಲ ಎಂದು ಬರೆದು ಕೊಡೋಣ. ಪರಿಹಾರ ಬಂದಾಗ ಅದು ಸಂಘಕ್ಕೆ ವಾಪಸ್ ಬರಲಿ, ಇನ್ನೊಬ್ಬನಿಗೆ ಆಗಲಿ. ಬಾರದಿದ್ದರೆ ಮನ್ನಾ. ಮುಂದಿನ ಮಹಾಸಭೆಯಲ್ಲಿ ಇದನ್ನು ಠರಾವು ಮಾಡಬೇಕೆಂದು ಕೇಳುತ್ತೇವೆ.

ಆ ತಮ್ಮನ ಪತ್ರ ಈಗ ಹೋಗಿದೆ, ಪೆಟ್ಟಾಗಿ ಹದಿನಾಲ್ಕು ತಿಂಗಳ ನಂತರ. ಕಾನೂನಿನ ಗಡುವು ಸಾಮಾನ್ಯವಾಗಿ ಐದು ವರ್ಷ, ಆದ್ದರಿಂದ ಹಕ್ಕು ಹೋಗಿಲ್ಲ. ಆದರೆ ಗೋದಾಮಿನ ಕ್ಯಾಮೆರಾದ ಚಿತ್ರ ಈಗ ಇಲ್ಲ. ನೋಡಿದ್ದ ಇಬ್ಬರು ಪೋಲೆಂಡಿನವರು ಕೆಲಸ ಬಿಟ್ಟು ಊರಿಗೆ ಹೋಗಿದ್ದಾರೆ, ಅವರ ನಂಬರು ಯಾರ ಹತ್ತಿರವೂ ಇಲ್ಲ. ಹಾರನ್ ಅಂತೂ ಪೆಟ್ಟಾದ ಮರುದಿನವೇ ರಿಪೇರಿಯಾಯಿತಂತೆ. ಆ ದಿನ ನಾವು ಗೂಗಲ್ ಪಟ್ಟಿಯಲ್ಲಿ ಚಂದಾ ಬರೆಯುತ್ತಾ ಕೂತಿದ್ದೆವು.