ಸುಣ್ಣ ಬಿದ್ದ ಗೋಡೆಗೆ ಸಾಕ್ಷಿ ಯಾರು?

ನಮ್ಮ ಯಡ್ರಾಮಿ ಕಡೆಯ ಚಿತ್ರ ಬರೆಯುವ ಹುಡುಗರಿಗೆ ‘ನಿಮ್ಮ ಕೆಲಸದ ಫೋಟೊಗಳ ಒಂದು ಫೈಲು, ಪೋರ್ಟ್‌ಫೋಲಿಯೊ ಮಾಡಿಟ್ಟುಕೊಳ್ಳಿ’ ಅಂದರೆ ತಕರಾರು ತೆಗೆಯುವವರು ಹುಡುಗರಲ್ಲ, ಹಿರಿಯರು. ಅವರೂ ಕುಂಚ ಹಿಡಿದವರೇ. ಹಾಗಾಗಿ ಅವರ ಮಾತಿಗೆ ಉತ್ತರ ಕೊಡಲೇಬೇಕು.

ಅವರ ಬ್ರಹ್ಮಾಸ್ತ್ರ ಚಿತ್ರಕಾರ ಎಸ್.ಎಂ. ಪಂಡಿತ್. ‘ಪಂಡಿತರು ಯಾವ ಫೈಲ್ ಹಿಡಕೊಂಡು ತಿರುಗಿದ್ದರು? ಕೈಯಲ್ಲಿ ಕಸುಬಿತ್ತು, ಹೆಸರು ತಾನೇ ಬಂತು.’ ತಾನೇ ಬರಲಿಲ್ಲ. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿದ ಪಂಡಿತರು ಮುಂಬಯಿಯಲ್ಲಿ ಮೆಟ್ರೊ ಚಿತ್ರಮಂದಿರಕ್ಕೆ ಷೋಕಾರ್ಡ್ ಬರೆದರು, ‘ಫಿಲ್ಮ್ ಇಂಡಿಯಾ’ ಪತ್ರಿಕೆಗೆ ಮುಖಪುಟ ಬರೆದರು, ಕ್ಯಾಲೆಂಡರುಗಳಿಗೆ ದೇವರನ್ನು ಬರೆದರು. ಸಿನಿಮಾಕ್ಕೆ ಬಂದವರು, ಪತ್ರಿಕೆ ಕೊಂಡವರು, ಮನೆಯಲ್ಲಿ ಕ್ಯಾಲೆಂಡರ್ ತೂಗುಹಾಕಿದವರು ಎಲ್ಲರೂ ಅವರ ಕೆಲಸ ನೋಡಿದರು. ಅವರ ಫೈಲನ್ನು ಅಚ್ಚುಕೂಟವೇ ಹೊತ್ತು ತಿರುಗಿತು. ಇವತ್ತು ಕಲಬುರಗಿಯಲ್ಲಿ ಅವರ ಹೆಸರಿನ ರಂಗಮಂದಿರವಿದೆ.

ನಮ್ಮ ಬೋರ್ಡ್ ಪೇಂಟರ್‌ಗೆ ಆ ಭಾಗ್ಯ ಎಲ್ಲಿದೆ? ಅವನ ಅನ್ನವನ್ನು ಫ್ಲೆಕ್ಸ್ ಕಸಿದುಕೊಂಡಿತು. ಉಳಿದದ್ದು ಶಾಲೆಯ ಗೋಡೆ, ಗುಡಿಯ ಗೋಡೆ, ಟ್ರ್ಯಾಕ್ಟರ್ ಟ್ರಾಲಿ, ಅಲಾಯಿ ಹಬ್ಬದ ಹುಲಿವೇಷ. ಹಬ್ಬ ಮುಗಿದರೆ ಹುಲಿ ಮೈತೊಳೆದುಕೊಳ್ಳುತ್ತದೆ, ಗೋಡೆಗೆ ಸುಣ್ಣ ಬೀಳುತ್ತದೆ. ಅರ್ಧ ಆಯುಷ್ಯ ದುಡಿದವನ ಹತ್ತಿರ ತೋರಿಸಲಿಕ್ಕೆ ಒಂದು ಹಾಳೆ ಇರುವುದಿಲ್ಲ.

‘ಕೆಲಸವೇ ಮಾತಾಡಬೇಕು’ ಅನ್ನುತ್ತಾರೆ. ಮಾತಾಡಲಿಕ್ಕೆ ಅದು ಉಳಿದಿರಬೇಕಲ್ಲ! ಘಾನಾ ದೇಶದ ತಮಾಲೆಯ ಇಬ್ರಾಹಿಂ ಮಹಾಮ ಕೋಕೊ ಸಾಗಿಸಿದ ಹಳೆಯ ಗೋಣಿಚೀಲಗಳನ್ನು ಹೊಲಿದು ಇಡೀ ಕಟ್ಟಡಕ್ಕೆ ಹೊದಿಸುವ ಕಲಾವಿದ. ತೊಗರಿ ಚೀಲ ಹೊತ್ತವರಿಗೆ ಈ ಸಾಮಾನು ಹೊಸದೇನಲ್ಲ. ಆ ಹೊದಿಕೆಯೂ ಕೆಲ ದಿನಕ್ಕೆ ಕಳಚುವಂಥದ್ದೇ. ಆಮೇಲೆ ನೋಡಲಿಕ್ಕೆ ಉಳಿಯುವುದು ಫೋಟೊ, ಜಾಗದ ಹೆಸರು, ಇಸವಿ. 2015ರಲ್ಲಿ ವೆನಿಸ್ ಬಿನಾಲೆ ಕಲಾಪ್ರದರ್ಶನದವರೆಗೆ ಹೋದ ಮಹಾಮ ತಮ್ಮೂರಲ್ಲೇ ಕಲಾಕೇಂದ್ರ ಕಟ್ಟಿ 2019ರಲ್ಲಿ ಬಾಗಿಲು ತೆರೆದರು. ಅಳಿಯುವ ಕೆಲಸ ಮಾಡುವವನಿಗೇ ದಾಖಲೆ ಹೆಚ್ಚು ಬೇಕು.

‘ಅವೆಲ್ಲ ಅದೃಷ್ಟ’ ಎಂಬುದು ಇನ್ನೊಂದು ಮಾತು. ಅರ್ಧ ಒಪ್ಪುತ್ತೇನೆ. ಅದೇ ಘಾನಾದ ಅಕ್ರಾ ಊರಿನ ಅಮೊಆಕೊ ಬೊಆಫೊ ಅವರ ಚಿತ್ರಗಳನ್ನು 2018ರಲ್ಲಿ ಅಮೆರಿಕದ ಹೆಸರಾಂತ ಕಲಾವಿದ ಕೆಹಿಂದೆ ವೈಲಿ ಇನ್‌ಸ್ಟಾಗ್ರಾಮ್‌ನಲ್ಲಿ ನೋಡಿ ಗ್ಯಾಲರಿಗಳಿಗೆ ಹೇಳಿದರು. ಮುಂದೆ ಹರಾಜಿನಲ್ಲಿ ಕೂಗಿದ ಬೆಲೆಗಳಲ್ಲಿ ಹುಚ್ಚೂ ಇತ್ತು. ಆದರೆ ವೈಲಿ ನೋಡುವ ಹೊತ್ತಿಗೆ ಚಿತ್ರಗಳು ಅಲ್ಲಿದ್ದವು. ಅಷ್ಟು ಮಾತ್ರ ಅದೃಷ್ಟವಲ್ಲ.

ಕಳ್ಳತನದ ಭಯ ಸುಳ್ಳಲ್ಲ. ಮೊಬೈಲಿನಲ್ಲಿ ಹಾಕಿದ್ದನ್ನು ಇನ್ನೊಬ್ಬರು ತಮ್ಮದೆಂದು ತೋರಿಸಿಯಾರು. ಹಾಗಂತ ಮುಚ್ಚಿಟ್ಟರೆ ಯಾರು ಬರೆದದ್ದೆಂಬುದಕ್ಕೆ ಪುರಾವೆಯೇ ಇರುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಹಕ್ಕು ನೋಂದಣಿಯಿಂದ ಹುಟ್ಟುವುದಿಲ್ಲ, ರಚನೆಯಿಂದಲೇ ಹುಟ್ಟುತ್ತದೆ. ದುಡ್ಡು ಕೊಟ್ಟು ಬರೆಸಿಕೊಂಡ ಭಾವಚಿತ್ರದ ಸ್ವಾಮ್ಯ, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿಕೊಂಡವರಿಗೆ ಸೇರುತ್ತದೆ (ಇದು ನಮ್ಮವರಲ್ಲಿ ಬಹಳ ಮಂದಿಗೆ ಗೊತ್ತಿಲ್ಲ). ಆದರೂ ‘ಬರೆದವನು ನಾನು’ ಎನ್ನುವ ಹಕ್ಕು ಕಲಾವಿದನದೇ. ತಾರೀಖು ಹಾಕಿದ ಫೋಟೊ ಆ ಹಕ್ಕಿಗೆ ಬಲ.

ಖರ್ಚು, ಇಂಗ್ಲಿಷ್ ಎಂಬ ನೆಪಗಳಿಗೆ ಹೆಚ್ಚು ಹೊತ್ತು ಬೇಡ. ಮಟಮಟ ಬಿಸಿಲು ಬಿಟ್ಟು ನೆರಳಿನ ಬೆಳಕಲ್ಲಿ, ಚೌಕಟ್ಟಿನ ಗಾಜು ತೆಗೆದು ಫೋಟೊ ಹೊಡೆಯಿರಿ. ಗೋಡೆಯಾದರೆ ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿ, ಅಳತೆ ತಿಳಿಯುತ್ತದೆ. ಬಣ್ಣ ಯಾವುದು, ಊರು ಯಾವುದು, ಇಸವಿ ಎಷ್ಟು ಎಂದು ಕನ್ನಡದಲ್ಲೇ ಬರೆಯಿರಿ. ಹತ್ತು ಹನ್ನೆರಡು ಒಳ್ಳೆಯವು ಸಾಕು. ನೂರು ತುರುಕಿದರೆ ನೋಡುವವರು ಮೂರನೆಯದಕ್ಕೇ ಮುಚ್ಚಿಡುತ್ತಾರೆ.

ಕೊನೆಯ ಪ್ರಶ್ನೆ: ‘ಯಡ್ರಾಮಿಯಲ್ಲಿ ಇದನ್ನು ನೋಡುವವರ್ಯಾರು?’ ಬೆಂಗಳೂರಿನ ಚಿತ್ರಸಂತೆಯ ಆಯ್ಕೆಯವರು ನಮ್ಮೂರ ಗೋಡೆ ನೋಡಲು ಬರುವುದಿಲ್ಲ, ಅವರ ಮುಂದೆ ಫೋಟೊ ಹೋಗಬೇಕು. ಅಷ್ಟು ದೂರದ ಮಾತೂ ಬೇಡ. ಶಾಲೆಯ ಎಸ್‌ಡಿಎಂಸಿಯವರು, ಜಾತ್ರೆ ಕಮಿಟಿಯವರು ‘ಹಿಂದೆ ಎಲ್ಲಿ ಮಾಡೀರಿ?’ ಎಂದು ಕೇಳಿಯೇ ಕೇಳುತ್ತಾರೆ. ತೋರಿಸಲು ಏನೂ ಇಲ್ಲದವನು ಅವರು ಕೊಟ್ಟಷ್ಟು ತೊಗೊಂಡು ಬರುತ್ತಾನೆ. ತೋರಿಸಿದವನು ಚದರ ಅಡಿಗೆ ಇಷ್ಟು ಎಂದು ತನ್ನ ರೇಟು ಹೇಳಬಹುದು.